ಬಿಳಿ ಚುಕ್ಕೆ ಕಂಡ ದಿನ

ನಮ್ಮ ಮನೆಯವರಿಗೆ ಯಾವ ವಸ್ತುವೂ ಒಂದೇ ಸಲಕ್ಕೆ ಒಪ್ಪಿಗೆಯಾಗುವುದಿಲ್ಲ. ಹೆಸರು ರೇವಣಸಿದ್ದ, ಊರು ಸಿಂದಗಿ ಕಡೆ, ಕೆಲಸ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ. ಚಂದಾಪುರದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೇ ಬೆಳಕಿಗೆ ಹಿಡಿದು, ತೊಟ್ಟು ತಿರುಗಿಸಿ, ಬೆರಳಲ್ಲಿ ತಟ್ಟಿ, "ರಿಜೆಕ್ಟ್" ಎಂದು ವಾಪಸ್ ಇಡುತ್ತಾರೆ. "ಬದ್ನೇಕಾಯಿ ತಗೋತೀಯೋ ಎಣ್ ನೋಡೋಕ್ ಬಂದಿದೀಯೋ" ಎಂದು ಅಲ್ಲಿನ ತರಕಾರಿಯವಳು ಬೈದದ್ದೂ ಉಂಟು. ನನ್ನನ್ನು ನೋಡಲು ಬಂದಾಗ ಮಾತ್ರ ಇದೇ ಮನುಷ್ಯ ತಲೆ ಎತ್ತದೆ ಒಪ್ಪಿಕೊಂಡು ಹೋಗಿದ್ದರು. ಆ ಮಾತನ್ನು ನಾನು ಆಗಾಗ ಎತ್ತಿ ಆಡುತ್ತಿರುತ್ತೇನೆ.

ಅವರ ಕೆಲಸವೇ ಅಂಥದು. ಆ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕು, ಬಾಯ್ಲರ್ ತಯಾರಾಗುತ್ತವೆ. ವೆಲ್ಡಿಂಗಿನವರು ತಗಡಿಗೆ ತಗಡು ಬೆಸೆದು ಹೋದ ಮೇಲೆ ಇವರು ಬರುತ್ತಾರೆ. ಬೆಸುಗೆಯ ಪಕ್ಕದಲ್ಲಿ ಜೆಲ್ ಸವರಿ, ಅಂಗೈಯಲ್ಲಿ ಹಿಡಿಸುವ ಒಂದು ಪ್ರೋಬನ್ನು ಅದರ ಮೇಲೆ ಹಿಂದೆ ಮುಂದೆ ಆಡಿಸುತ್ತಾರೆ. ಮನುಷ್ಯರ ಕಿವಿಗೆ ಕೇಳದ ಸದ್ದು ಅದರಿಂದ ಉಕ್ಕಿನೊಳಕ್ಕೆ ಹೋಗುತ್ತದಂತೆ. ಬೆಸುಗೆ ಗಟ್ಟಿಯಾಗಿದ್ದರೆ ಸದ್ದು ಹೋದದ್ದು ಹೋಯಿತು. ಮುಂದಿನ ಸಣ್ಣ ಪರದೆಯ ಮೇಲೆ ಗೆರೆ ಮಲಗಿಯೇ ಇರುತ್ತದೆ. ಒಳಗೆ ಎಲ್ಲೋ ಬಿರುಕೋ ಗುಳ್ಳೆಯೋ ಇದ್ದರೆ ಸದ್ದು ಅದಕ್ಕೆ ಬಡಿದು ತಿರುಗಿ ಬರುತ್ತದೆ, ಗೆರೆ ತಟ್ಟನೆ ಎದ್ದು ನಿಲ್ಲುತ್ತದೆ. ಹಾಗೆ ತಿರುಗಿ ಬಂದದ್ದಕ್ಕೆ ಅವರು ಎಕೋ ಅನ್ನುತ್ತಾರೆ. ಎಕೋ ಬಂತೆಂದರೆ ಜೇಬಿನಿಂದ ಹಳದಿ ಸೀಮೆಸುಣ್ಣ ತೆಗೆದು ಅಲ್ಲೊಂದು ಗುರುತು. ಆ ಬೆಸುಗೆಯನ್ನು ಕೆರೆದು ತೆಗೆದು ಮತ್ತೆ ಹಾಕಬೇಕು. ಒಂದೂ ಎಕೋ ಬರದ ದಿನ ಇವರ ಮುಖ ನೋಡಬೇಕು! ಊಟಕ್ಕೆ ಕೂತು ರೊಟ್ಟಿ ಒಂದು ಹೆಚ್ಚಿಗೆ ತಿನ್ನುತ್ತಾರೆ. ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ಚೂರು ಮರೆತು, ನನ್ನ ಬಿಳಿ ಲಂಗಕ್ಕೆಲ್ಲ ಹಳದಿ ಹಿಡಿಸಿ ಬೈಸಿಕೊಳ್ಳುವುದೂ ನಡೆದೇ ಇದೆ.

ಹೋದ ವರ್ಷ ನಾನು ಮೊದಲ ಸಲ ಬಸುರಿಯಾಗಿದ್ದೆ. ನಾಲ್ಕನೆಯ ತಿಂಗಳು ಹಿಡಿಯುವ ಹೊತ್ತಿಗೆ ಸ್ಕ್ಯಾನಿಂಗಿಗೆ ಬರಹೇಳಿದರು. ಇವರಿಗೆ ರಜೆ ಸಿಗಲಿಲ್ಲ. ನಮ್ಮ ಮನೆ ಓನರ್ ಭಾಗ್ಯಮ್ಮ ಜೊತೆಗೆ ಬಂದರು. ಡಾಕ್ಟರು ಬಹಳ ಹೊತ್ತು ನೋಡಿದರು, ಇನ್ನೊಂದು ಸಲ ನೋಡಿದರು, ಆಮೇಲೆ ಪ್ರೋಬನ್ನು ಕೆಳಗಿಟ್ಟು, ಎದೆಬಡಿತ ಕಾಣುತ್ತಿಲ್ಲಮ್ಮ ಎಂದರು. ಅದರ ಮುಂದಿನದನ್ನು ನಾನು ಹೇಳುವುದಿಲ್ಲ. ಸಂಜೆ ಮನೆಗೆ ಬಂದ ಇವರು ಗೋಡೆಗೆ ಒರಗಿ ಕೂತು, "ನಾ ಬರಬೇಕಿತ್ತು" ಎಂದರು. ಅಷ್ಟೇ. ಆಮೇಲೆ ಆ ಕೂಸಿನ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ನನಗೆ ಮಾತಾಡಬೇಕಿತ್ತು. ಅವರು ಎದ್ದು ಹೋಗುತ್ತಿದ್ದರು. ನನಗೆ ದುಃಖಕ್ಕಿಂತ ಸಿಟ್ಟೇ ಜಾಸ್ತಿ ಬರುತ್ತಿತ್ತು.

ಈ ಸಲ ಮತ್ತೆ ಬಸಿರು ನಿಂತಾಗ ಇವರು ನನ್ನನ್ನು ನೋಡಿಕೊಂಡದ್ದರಲ್ಲಿ ಒಂದು ಕುಂದಿಲ್ಲ. ನೀರಿನ ಕ್ಯಾನು ಎತ್ತಲು ಬಿಡಲಿಲ್ಲ, ದಾಳಿಂಬೆ ಬಿಡಿಸಿ ಬಟ್ಟಲಲ್ಲಿ ಹಾಕಿ ಕೊಟ್ಟರು, ಬ್ಲೌಸ್ ಹೊಲಿಯಲು ಕೂತರೆ ಬೆನ್ನಿಗೆ ದಿಂಬು ತಂದಿಟ್ಟರು. ಆದರೆ ಹೊಟ್ಟೆಯಲ್ಲಿದ್ದುದಕ್ಕೆ "ಅದು" ಎಂದೇ ಹೇಳುತ್ತಿದ್ದರು. ಒಂದು ದಿನವೂ ಹೊಟ್ಟೆಯ ಮೇಲೆ ಕೈ ಇಡಲಿಲ್ಲ. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡುತ್ತಾರೆ. ದಿನ ಗೊತ್ತು ಮಾಡೋಣವೇ ಎಂದು ನಮ್ಮವ್ವ ದೇವಕ್ಕ ಫೋನ್ ಮಾಡಿದಾಗಲೆಲ್ಲ ಇವರದು ಒಂದೇ ಉತ್ತರ: "ಐದನೇ ತಿಂಗಳ ಸ್ಕ್ಯಾನಿಂಗ್ ಆಗ್ಲಿ ತಡೀರಿ ಅತ್ತಿ." ಪರೀಕ್ಷೆಯಲ್ಲಿ ಪಾಸಾಗದ ಮಾಲನ್ನು ಅವರು ತಮ್ಮದೆನ್ನುವವರಲ್ಲ. ನನಗೆ ಬೇಕಿದ್ದದ್ದು ಬಳೆಯೂ ಅಲ್ಲ, ಸೀರೆಯೂ ಅಲ್ಲ. ಇವರು ಒಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು "ನಮ್ಮ ಕೂಸು" ಅನ್ನಬೇಕಿತ್ತು. ಅದನ್ನು ಬಾಯಿಬಿಟ್ಟು ಕೇಳಿ ಪಡೆಯುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಸ್ಕ್ಯಾನಿಂಗಿನ ದಿನ ಇವರು ರಜೆ ಹಾಕಿದರು. ಕರೆಯದಿದ್ದರೂ ಭಾಗ್ಯಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಆಟೋದಲ್ಲಿ ಮೊದಲೇ ಕೂತಿದ್ದರು. ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿಕೊಂಡಿರುವ ಹೆಂಗಸು ಅವರು. ಬಾಡಿಗೆಯವರ ಮನೆಯಲ್ಲಿ ಸೀನಿದರೂ ಅವರಿಗೆ ಗೊತ್ತಾಗಬೇಕು. ಹೋದ ವರ್ಷ ಸ್ಕ್ಯಾನಿಂಗಿನ ಮಂಚದ ಪಕ್ಕದಲ್ಲಿ ನಿಂತು ನನ್ನ ಕೈ ಹಿಡಿದುಕೊಂಡಿದ್ದವರೂ ಅವರೇ, ಹಾಗಾಗಿ ನಾನು ಏನೂ ಅನ್ನುವುದಿಲ್ಲ.

ಸ್ಕ್ಯಾನಿಂಗ್ ಸೆಂಟರಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸುರಿಯರಷ್ಟೇ ಇರುತ್ತಾರೆಂದು ಇವರು ಬಾಗಿಲಲ್ಲೇ ನಾಚಿಕೊಂಡು ನಿಂತಿದ್ದರು. ನೋಡಿದರೆ ಅರ್ಧಕ್ಕರ್ಧ ಗಂಡಸರು. ಒಬ್ಬ ಅಜ್ಜ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದ. ಗಾರ್ಮೆಂಟ್ಸಿನ ಹುಡುಗಿಯೊಬ್ಬಳು ಥೈರಾಯ್ಡ್ ಗಂಟು ತೋರಿಸಲು ಕೊರಳಿಗೆ ದುಪಟ್ಟಾ ಸುತ್ತಿಕೊಂಡು ಕೂತಿದ್ದಳು. ಇನ್ನೊಬ್ಬನಿಗೆ ಭುಜ ಎತ್ತಲಾಗದಂತೆ. ಒಳಗಿನ ನರವೋ ಸ್ನಾಯುವೋ ಹರಿದಿದೆಯೇ ಎಂದು ನೋಡಿಸಲು ಬಂದಿದ್ದ.

ಭಾಗ್ಯಮ್ಮ ಅಜ್ಜನನ್ನು ಅಡ್ಡಹಾಕಿದರು. "ಯಾಕಣ್ಣ ಇಂಗ್ ಓಡಾಡ್ತಿದೀಯ? ಗಂಡಸ್ರಿಗೂ ಸ್ಕ್ಯಾನಿಂಗಾ?"

"ಕಿಡ್ನೀಲಿ ಕಲ್ಲೈತಂತೆ ಕಣಮ್ಮ. ಒಟ್ಟೆ ತುಂಬ ನೀರ್ ಕುಡಿ, ಉಚ್ಚೆ ಉಯ್ಯಬೇಡ ಅಂದವ್ರೆ. ಕುಡ್ದಿದ್ ಆಯ್ತು, ಇನ್ನೂ ಕರೀತಿಲ್ಲ!"

ಇವರಿಗೆ ಎಲ್ಲಿಲ್ಲದ ಹುರುಪು ಬಂತು. "ಎಲ್ಲಾ ನಮ್ಮ ಮಷೀನೇ ರೀ ಅಮ್ಮಾರ. ಹೊಟ್ಟಿಯೊಳಗ ಗಾಳಿ ಇದ್ರ ಸದ್ದು ದಾಟೂದಿಲ್ಲ, ನೀರಿದ್ರ ಸಲೀಸಾಗಿ ದಾಟ್ತೈತಿ. ಅದಕ್ಕ ನೀರು ಕುಡಿ ಅಂತಾರ. ನಾವು ಜೆಲ್ ಹಚ್ಚೂದೂ ಅದಕ್ಕಽ" ಎಂದು ಅಜ್ಜನಿಗೂ ಭಾಗ್ಯಮ್ಮನಿಗೂ ಪಾಠವೇ ಶುರು ಮಾಡಿದರು. ಭಾಗ್ಯಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿ, "ಅಂಗಾದ್ರೆ ನೀನೂ ಒಂಥರಾ ಡಾಕ್ಟ್ರೇ ಬುಡಪ್ಪ" ಎಂದುಬಿಟ್ಟರು. ಆ ಮಾತು ಹೇಳಬಾರದಿತ್ತು. ಮೊದಲೇ ನಮ್ಮವರು, ಈಗ ಕೇಳಬೇಕೆ?

ನನ್ನ ಹೆಸರು ಕೂಗಿದರು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆಂದರು. ಭಾಗ್ಯಮ್ಮ ಎದ್ದವರು ಇವರ ಮುಖ ನೋಡಿ ಮತ್ತೆ ಕೂತರು.

ಡಾಕ್ಟರ್ ಶ್ಯಾಮಲಾ ಮಾತು ಕಡಿಮೆಯ ಹೆಂಗಸು. ಗಂಡೋ ಹೆಣ್ಣೋ ಕೇಳಬಾರದು ಎಂದು ಗೋಡೆಯ ಬೋರ್ಡು ತೋರಿಸಿ, ನನ್ನ ಹೊಟ್ಟೆಗೆ ತಣ್ಣನೆಯ ಜೆಲ್ ಹಾಕಿ ಕೆಲಸ ಹಿಡಿದರು. ಹೋದ ವರ್ಷದ ಆ ತಣುಪು ನೆನಪಾಯಿತು. ಆದರೆ ಪರದೆಯ ಮೇಲೆ ಕೂಸು ಕಾಲು ಮಡಚಿತು, ಚಾಚಿತು, ಅಂಗೈಯನ್ನು ಮುಖಕ್ಕೆ ತಂದುಕೊಂಡಿತು. ನನಗೆ ಅಳು ಬಂತು, ನಗುವೂ ಬಂತು. ಡಾಕ್ಟರು ತಲೆ, ಬೆನ್ನುಮೂಳೆ, ತೊಡೆ ಎಂದು ಒಂದೊಂದನ್ನೇ ಅಳೆಯುತ್ತ ಬಂದು ಎದೆಯ ಹತ್ತಿರ ನಿಂತರು. ಹೃದಯ ಪಟಪಟ ಬಡಿಯುತ್ತಿತ್ತು. ಅದರೊಳಗೆ ಒಂದು ಬಿಳಿ ಚುಕ್ಕೆ. ಪ್ರತಿ ಬಡಿತಕ್ಕೂ ಮೇಲೆ ಕೆಳಗೆ ಕುಣಿಯುತ್ತಿತ್ತು.

ನಾನು ಇವರ ಕಡೆ ತಿರುಗಿದೆ. ಅವರ ಬಲಗೈ ಅಂಗಿಯ ಜೇಬಿಗೆ ಹೋಗಿ ಸೀಮೆಸುಣ್ಣ ಹುಡುಕುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

"ಮೇಡಂ, ಅಲ್ಲಿ ಬೆಳ್ಳಗ... ಅದು ಏನ್ರಿ?"

"ಒಂದ್ ನಿಮಿಷ. ಅದನ್ನೇ ನೋಡ್ತಿದೀನಿ. ಮಾತಾಡ್ಬೇಡಿ" ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ.

ಇವರಿಗೆ ಅಷ್ಟೇ ಸಾಕಾಯಿತು. ಬಾಗಿಲ ಪರದೆ ಸರಿಸಿಕೊಂಡು ಹೊರಗೆ ನಡೆದೇಬಿಟ್ಟರು. ನಾನು ಹೊಟ್ಟೆಯ ತುಂಬ ಜೆಲ್ ಹಚ್ಚಿಸಿಕೊಂಡು ಮಲಗಿದವಳು, ಹಿಂದೆ ಓಡುವ ಹಾಗಿಲ್ಲ. ಮಲಗಿದ್ದಲ್ಲಿಂದಲೇ ಕೇಳಿದೆ: "ಏನಾದ್ರೂ ತೊಂದರಿ ಐತೇನ್ರಿ ಮೇಡಂ? ಹೋದ ವರ್ಷ ನಮಗ ಹಿಂಗಽ..."

ಡಾಕ್ಟರು ಆಗ ನನ್ನ ಕಡೆ ತಿರುಗಿ, ನನ್ನ ಹಳೆಯ ರಿಪೋರ್ಟ್ ನೆನಪಿದೆ ಎಂದರು. "ಏನೂ ಇಲ್ಲ ಕಣಮ್ಮ. ಆ ಚುಕ್ಕೆ ಎಷ್ಟೋ ಮಕ್ಕಳಲ್ಲಿ ಕಾಣುತ್ತೆ. ಹಾರ್ಟ್ ಒಳಗೆ ಒಂದು ಸಣ್ಣ ಸ್ನಾಯು ಇದೆ, ಅದರಲ್ಲಿ ಒಂಚೂರು ಗಟ್ಟಿ ಅಷ್ಟೇ. ಕೆಲಸಕ್ಕೆ ಅಡ್ಡಿ ಇಲ್ಲ. ಜೊತೆಗೆ ಬೇರೆ ಏನಾದ್ರೂ ಇದ್ಯಾ ಅಂತ ಪೂರ್ತಿ ನೋಡ್ಬೇಕಿತ್ತು, ನೋಡ್ದೆ, ಇಲ್ಲ. ನಿಮ್ಮ ಬ್ಲಡ್ ಟೆಸ್ಟೂ ಚೆನ್ನಾಗಿದೆ. ನಿಮ್ಮ ಮನೆಯವರು ಯಾಕೆ ಎದ್ದು ಹೋದ್ರು?"

ಯಾಕೆಂದು ನನಗೆ ಗೊತ್ತಿತ್ತು. ಹೊಟ್ಟೆ ಒರೆಸಿಕೊಂಡು ಹೊರಗೆ ಬಂದೆ. ಬೆಂಚಿನ ಮೇಲೆ ಭಾಗ್ಯಮ್ಮ ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾರೆ. ಕಲ್ಲಿನ ಅಜ್ಜ ತನ್ನ ಹೊಟ್ಟೆಯ ಸಂಕಟ ಮರೆತು ಅವರನ್ನು ಸಮಾಧಾನ ಮಾಡುತ್ತಿದ್ದಾನೆ. ಇವರು ಕಿಟಕಿಯ ಹತ್ತಿರ ಆಗಷ್ಟೇ ಫೋನ್ ಇಟ್ಟು ನಿಂತಿದ್ದಾರೆ.

"ಇದ್ಯಾಕ್ ಇಂಗಾಯ್ತು ತಾಯಿ!" ಎಂದು ಭಾಗ್ಯಮ್ಮ ನನ್ನನ್ನು ತಬ್ಬಿಕೊಂಡರು. "ಎದೇಲಿ ಬಿರುಕು ಬಿಟ್ಟೈತಂತಲ್ಲ!"

"ಯಾರು ಅಂದ್ರು?"

"ನಿನ್ ಗಂಡಾನೇ ಅಂದ. ಅವ್ನಿಗ್ ಗೊತ್ತಾಗಲ್ವಾ? ಅದೇ ಮಿಷನ್ನಲ್ವಾ?"

ನಾನು ಇವರ ಹತ್ತಿರ ಹೋದೆ. "ಫೋನ್ ಯಾರಿಗೆ ಮಾಡಿದ್ರಿ?"

"ನಿಮ್ಮವ್ವಗ." ಅವರು ನನ್ನ ಮುಖ ನೋಡಲಿಲ್ಲ. "ಕುಬಸ ಬ್ಯಾಡ್ರಿ ಅಂದೆ."

ನನಗೆ ಬಂದ ಸಿಟ್ಟಿಗೆ ಅಲ್ಲಿ ಅಷ್ಟು ಜನ ಇರದಿದ್ದರೆ ಏನು ಮಾಡುತ್ತಿದ್ದೆನೋ. "ಏನೂ ಆಗಿಲ್ರೀ! ಆರಾಮ ಐತಿ ಅಂತ ಡಾಕ್ಟ್ರು ಹೇಳ್ಯಾರ!"

"ನಿನ್ನ ಸಮಾಧಾನಕ್ಕ ಹಂಗ ಹೇಳ್ಯಾರ. ನಾವೂ ಮಾಲ್ ತಗೊಳ್ಳೋ ಪಾರ್ಟಿ ಮುಂದ ನೇರ ಹೇಳೂದಿಲ್ಲ. ನಾ ಕಣ್ಣಾರೆ ನೋಡೀನಿ ಮಹಾನಂದಾ. ಎಕೋ ಬರಾಕತ್ತಿತ್ತು. ಪ್ರತಿ ಸಲಾನೂ ಅದಽ ಜಾಗಾಕ್ಕ ಬರಾಕತ್ತಿತ್ತು."

ಆ ಮಾತು ಹೇಳುತ್ತ ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನನ್ನ ಸಿಟ್ಟು ಅಲ್ಲಿಯೇ ಇಳಿದುಹೋಯಿತು. ಈ ಮನುಷ್ಯ ದಿನಾ ಮಾಡುವ ಕೆಲಸದ ಲೆಕ್ಕದಲ್ಲಿ ತನ್ನ ಕೂಸಿನ ಎದೆಯನ್ನು ಓದಿಕೊಂಡಿದ್ದಾರೆ. ಬಾಯಿಮಾತಿಗೆ ಒಪ್ಪುವವರಲ್ಲ, ಪರದೆಯ ಮೇಲೆ ತೋರಿಸಿದರೆ ಮಾತ್ರ ನಂಬುವವರು. ಅವರ ರಟ್ಟೆ ಹಿಡಿದು ಮತ್ತೆ ಡಾಕ್ಟರ ಬಾಗಿಲಿಗೆ ಎಳೆದುಕೊಂಡು ಹೋದೆ.

ಅಲ್ಲಿ ಅಜ್ಜನ ಸರದಿ ಬಂದಿತ್ತು. ಭಾಗ್ಯಮ್ಮ ಅಜ್ಜನಿಗೆ, "ಒಸಿ ತಡ್ಕೊಳಣ್ಣ, ಮಗೀನ್ ವಿಷ್ಯ" ಎಂದರು. ಅಜ್ಜ ಎರಡು ಕಾಲನ್ನೂ ಒತ್ತಿ ಹಿಡಿದು, "ಬೇಗ ಮುಗಿಸ್ಕೊಳ್ಳಿ ತಾಯಿ" ಎಂದು ಜಾಗ ಬಿಟ್ಟ. ದೇವರು ಅವನ ಕಲ್ಲನ್ನು ಬೇಗ ಕರಗಿಸಲಿ.

ಡಾಕ್ಟರಿಗೆ ಮೊದಲು ರೇಗಿತು. ಆಮೇಲೆ ನಾನು ಇವರ ಕೆಲಸ ಏನೆಂದು ಹೇಳಿದೆ. ಅವರು ಕನ್ನಡಕ ತೆಗೆದು ಇವರನ್ನು ಸರಿಯಾಗಿ ನೋಡಿದರು. "ವೆಲ್ಡಿಂಗ್ ಟೆಸ್ಟ್ ಮಾಡ್ತೀರಾ? ಅಲ್ಲಿ ಎಕೋ ಬಂದ್ರೆ?"

"ರಿಜೆಕ್ಟ್ ರಿ."

"ಬರದೇ ಇದ್ರೆ?"

"ಓಕೆ ರಿ."

ಡಾಕ್ಟರು ನಕ್ಕೇಬಿಟ್ಟರು. ಅಷ್ಟು ಹೊತ್ತಿಗೆ ನಾನು ಮತ್ತೆ ಮಂಚದ ಮೇಲಿದ್ದೆ. "ಬನ್ನಿ ಇಲ್ಲಿ, ಹತ್ರ ನಿಂತ್ಕೊಳ್ಳಿ. ನಿಮ್ಮಲ್ಲಿ ಒಳಗೆಲ್ಲಾ ಒಂದೇ ಉಕ್ಕು, ಏನಾದ್ರೂ ಬಂತು ಅಂದ್ರೆ ತಪ್ಪೇ. ಇಲ್ಲಿ ಹಾಗಲ್ಲ. ನೋಡಿ, ಇದು ಬೆನ್ನುಮೂಳೆ. ಜೋರಾಗಿ ವಾಪಸ್ ಬರುತ್ತೆ, ಬೆಳ್ಳಗಿದೆ. ಇದು ನೀರು. ಏನೂ ಬರಲ್ಲ, ಕಪ್ಪಗಿದೆ. ಎಕೋನೇ ಬರದಿದ್ರೆ ನಂಗೆ ನಿಮ್ಮ ಮಗುನೇ ಕಾಣಲ್ಲ ಕಣ್ರೀ. ಈ ಮೂಗು, ಈ ಬೆರಳು, ಎಲ್ಲಾ ಎಕೋನೇ."

ಇವರು ಬಗ್ಗಿ ನೋಡಿದರು. ಬದನೆಕಾಯಿ ನೋಡುವ ಅದೇ ಕಣ್ಣು. ಚುಕ್ಕೆ ಬೇರೆ ಕಡೆಯಿಂದ ನೋಡಿದರೂ ಅಲ್ಲೇ ಇರುತ್ತದೆಯೇ, ಬೆಳೆಯುತ್ತದೆಯೇ, ರಕ್ತ ಹರಿಯುವ ದಾರಿಗೆ ಅಡ್ಡ ಬರುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಡಾಕ್ಟರು ಬೇಜಾರಿಲ್ಲದೆ ತೋರಿಸಿದರು. ರಕ್ತ ಓಡಾಡುವುದನ್ನು ಕೆಂಪು ನೀಲಿ ಬಣ್ಣದಲ್ಲಿ ತೋರಿಸಿದರು. ಕೊನೆಗೆ ಇವರು ಮೆಲ್ಲಗೆ ಕೇಳಿದರು: "ಮತ್ತ ನೀವು ಯಾವಾಗ ರಿಜೆಕ್ಟ್ ಅಂತೀರಿ ಮೇಡಂ?"

"ನಾವು ರಿಜೆಕ್ಟ್ ಮಾಡೋಕೆ ನೋಡಲ್ಲ ರೀ. ಏನಾದ್ರೂ ಇದ್ರೆ ಮೊದಲೇ ಗೊತ್ತಾಗ್ಲಿ, ಹೆರಿಗೆಗೆ ತಯಾರಾಗಿರೋಣ ಅಂತ ನೋಡ್ತೀವಿ. ಕೇಳಿಸ್ಕೊಳ್ಳಿ ಇಲ್ಲಿ" ಎಂದು ಅವರು ಒಂದು ಗುಂಡಿ ಒತ್ತಿದರು.

ಕೋಣೆಯ ತುಂಬ ಎದೆಬಡಿತದ ಸದ್ದು ತುಂಬಿಕೊಂಡಿತು. ಯಾರೋ ಅವಸರದಲ್ಲಿ ಓಡಿ ಬರುತ್ತಿರುವ ಹಾಗೆ. ಇವರ ಜೇಬಿನಲ್ಲಿದ್ದ ಕೈ ಹೊರಗೆ ಬಂತು, ಮಂಚದ ಕಂಬಿಯನ್ನು ಹಿಡಿದುಕೊಂಡಿತು. ಹೊರಗಿನಿಂದ ಅಜ್ಜ, "ಆಯ್ತೇನ್ರಪ್ಪೋ!" ಎಂದು ಕೂಗಿದಾಗಲೇ ನಾವು ಹೊರಟದ್ದು.

ಹೊರಗೆ ಬಂದ ಕೂಡಲೇ ನಮ್ಮವ್ವನಿಗೆ ಫೋನ್ ಹಚ್ಚಿದರು. ಅವ್ವ ಅಷ್ಟರಲ್ಲಿ ಅತ್ತು ಕರೆದು, ಬಟ್ಟೆ ಚೀಲಕ್ಕೆ ತುಂಬಿಕೊಂಡು ಸಿಂದಗಿ ಬಸ್‌ಸ್ಟ್ಯಾಂಡಿಗೆ ಹೊರಟಿದ್ದಳು. "ತಪ್ಪಾತ್ರಿ ಅತ್ತಿ. ಆರಾಮ ಐತ್ರಿ. ಕುಬಸಕ್ಕ ದಿನಾ ನೋಡ್ರಿ" ಎಂದು ಇವರು ತೊದಲಿದರು. "ನಮ್ಮ ಜೀವಾನಽ ತಿಂದ್ರಲ್ರೀ ಅಳಿಯಂದಿರಽ!" ಎಂದು ಅವ್ವ ಬೈದದ್ದು ನನಗೂ, ಭಾಗ್ಯಮ್ಮನಿಗೂ, ಪಕ್ಕದ ಎಳನೀರಿನವನಿಗೂ ಕೇಳಿಸಿತು. ಬಸ್ಸು ಮಾತ್ರ ಹತ್ತಿಯೇ ಬರುತ್ತೇನೆ, ನನಗೂ ಕಣ್ಣಾರೆ ನೋಡಬೇಕು ಎಂದಳು. ಇವರಿಗೆ ತಕ್ಕ ಅತ್ತೆ.

ಭಾಗ್ಯಮ್ಮ, "ನನ್ನ ಇಷ್ಟ್ ಅಳಿಸ್ದೆ, ಆಟೋ ದುಡ್ಡು ನಿಂದೇ ಕಣೋ" ಎಂದು ಒಬ್ಬರೇ ಆಟೋ ಹತ್ತಿ ಮುಂದೆ ಹೋದರು. ನಾವಿಬ್ಬರೂ ನಡೆದೇ ಹೊರಟೆವು. ಹೊಸೂರು ರೋಡಿನ ಲಾರಿಗಳ ಸದ್ದು ಕಡಿಮೆಯಾಗುವ ನಮ್ಮ ಅಡ್ಡರಸ್ತೆಗೆ ತಿರುಗಿದ ಮೇಲೆ, ವರ್ಷದಿಂದ ಗಂಟಲಲ್ಲಿದ್ದುದನ್ನು ಹೇಳಿದೆ.

"ನಿಮ್ಮ ಓಕೆ ಇರ್ತೈತಲ್ರೀ, ಗೆರಿ ಏಳದ್ದು. ಅದನ್ನ ನಾ ಹೋದ ವರ್ಷ ಅಲ್ಲಿ ನೋಡೀನಿ. ಕೂಸಿತ್ತು. ಎದಿ ಇತ್ತು. ಅದರಾಗ ಏನೂ ಬರಲಿಲ್ಲ. ಡಾಕ್ಟ್ರು ಮತ್ತ ಮತ್ತ ನೋಡಿದ್ರು, ಬರಲಿಲ್ಲ. ನೀವು ಒಂದಿನಾನೂ ನನ್ನ ಕೇಳಲಿಲ್ಲ, ಏನ್ ಕಂಡಿ ಅಂತ."

ಅವರು ನಿಂತುಬಿಟ್ಟರು. ಪಕ್ಕದಲ್ಲಿ ಯಾರದೋ ಹೊಸ ಮನೆಗೆ ಜಲ್ಲಿ ಸುರಿದಿದ್ದರು. ಅದರ ಹತ್ತಿರ ನಿಂತು, ದಾರಿಹೋಕರು ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತರು. ಹೋದ ವರ್ಷ ಅಳಬೇಕಾಗಿದ್ದ ಅಳು. ನಾನು ಅವರ ಬೆನ್ನು ಸವರುತ್ತ ನಿಂತೆ. ನನಗೆ ಅಳು ಬರಲಿಲ್ಲ. ಒಬ್ಬಳೇ ಹೊತ್ತಿದ್ದ ಭಾರಕ್ಕೆ ಇನ್ನೊಂದು ಕೈ ಸೇರಿದ ಹಾಗಾಗಿ ಎದೆ ಹಗುರವಾಯಿತು.

"ಹೇಳು" ಎಂದರು ಮುಖ ಒರೆಸಿಕೊಂಡು. "ಹೆಂಗಿತ್ತು ಅದರ ಮುಖ?" ಮನೆಯವರೆಗೂ ಹೇಳುತ್ತ ಬಂದೆ. ಎಲ್ಲವನ್ನೂ ಕೇಳಿದರು.

ಸಂಜೆ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ನಾನು ಚಾಪೆಯ ಮೇಲೆ ಗೋಡೆಗೆ ಒರಗಿ ಕೂತು ಭಾಗ್ಯಮ್ಮನ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಇವರು ಕೈ ತೊಳೆದು ಬಂದರು, ಟವೆಲಿನಲ್ಲಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ನನ್ನ ಎದುರಿಗೆ ಕೂತು ಅಂಗೈಯನ್ನು ಹೊಟ್ಟೆಯ ಮೇಲಿಟ್ಟರು. ಸ್ವಲ್ಪ ಎಡಕ್ಕೆ ಸರಿಸಿದರು. ಸ್ವಲ್ಪ ಕೆಳಕ್ಕೆ.

"ಜೆಲ್ ಹಚ್ಚಲೇನ್ರಿ?" ಎಂದು ನಾನು ನಕ್ಕೆ.

"ಸುಮ್ಮನಿರು. ಕಾಯಾಕತ್ತೀನಿ."

ಕಾರ್ಖಾನೆಯಲ್ಲಿ ಏನೂ ಬರದಿರಲಿ ಎಂದು ಕಾಯುವ ಮನುಷ್ಯ ಉಸಿರು ಹಿಡಿದು ಕೂತಿದ್ದರು. ಬಹಳ ಹೊತ್ತು ಏನೂ ಇಲ್ಲ. ಅವರ ಹಣೆ ಸುಕ್ಕುಗಟ್ಟತೊಡಗಿತು. ಆಗ ಕೂಸು ಒಳಗಿನಿಂದ ಸರಿಯಾಗಿ ಅವರ ಅಂಗೈಗೇ ಒಂದು ಒದೆ ಕೊಟ್ಟಿತು.

"ಬಂತು!" ಎಂದು ಅವರು ಕೂಗಿದ ಕೂಗಿಗೆ ನನ್ನ ಕೈಯಿಂದ ಸೂಜಿ ಬಿತ್ತು.

ಕೆಳಗಿನ ಮನೆಯಿಂದ ಭಾಗ್ಯಮ್ಮ, "ಈಗೇನಾಯ್ತೋ ಮಾರಾಯ?" ಎಂದರು.

"ಏನಿಲ್ರೀ ಅಮ್ಮಾರ. ನಮ್ಮ ಕೂಸು! ನಮ್ಮ ಕೂಸು ಒದೀತ್ರಿ!"

ಅಂದರು. ಕೈ ಮಾತ್ರ ತೆಗೆಯಲಿಲ್ಲ. ಇನ್ನೊಂದು ಬರಲಿ ಎಂದು ಹಾಗೆಯೇ ಕಾಯುತ್ತ ಕೂತರು.